ಮೂವತ್ತಮೂರು ಡಿಗ್ರಿಯ ರೋಗಾಣು



ಆಸ್ಪತ್ರೆಯ ಪ್ರಯೋಗಾಲಯದಿಂದ ಬರುವ ವರದಿಗಳಲ್ಲಿ ‘ಯಾವುದೇ ಬೆಳವಣಿಗೆ ಕಂಡುಬಂದಿಲ್ಲ’ ಎಂಬ ಸಾಲು ಆಗಾಗ ಕಾಣಸಿಗುತ್ತದೆ. ರೋಗಿಯ ಕಡೆಯವರು ಅದನ್ನು ಓದಿ ನಿರಾಳವಾಗುತ್ತಾರೆ. ಕಫವನ್ನೋ ಕೀವನ್ನೋ ರಕ್ತವನ್ನೋ ಪರೀಕ್ಷೆಗೆ ಕೊಟ್ಟಿದ್ದೆವು, ಅದರಲ್ಲಿ ಏನೂ ಬೆಳೆಯಲಿಲ್ಲ, ಅಂದಮೇಲೆ ರೋಗಾಣು ಇಲ್ಲ ಎಂದುಕೊಳ್ಳುತ್ತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಆ ವರದಿ ಹೇಳುವುದು ಇಷ್ಟನ್ನೇ: ನಾವು ಕೊಟ್ಟ ಆಹಾರದಲ್ಲಿ, ನಾವು ಇಟ್ಟ ಬಿಸಿಯಲ್ಲಿ, ನಾವು ಕಾದಷ್ಟು ದಿನ ಏನೂ ಬೆಳೆಯಲಿಲ್ಲ. ಅದು ಅರ್ಧ ರೋಗಿಯ ಕುರಿತ ವರದಿ. ಇನ್ನರ್ಧ ಪ್ರಯೋಗಾಲಯದ ಕುರಿತದ್ದು.

ರೋಗಿಗಳ ದೇಹದಲ್ಲಿ ಸೂಕ್ಷ್ಮದರ್ಶಕಕ್ಕೆ ಕಾಣುವಂತಿದ್ದೂ ಗಾಜಿನ ಸೀಸೆಯಲ್ಲಿ ಬೆಳೆಯಲು ಒಲ್ಲೆನೆಂದು ವರ್ಷಗಟ್ಟಲೆ ಹಟ ಹಿಡಿದ ಒಂದು ರೋಗಾಣುವಿನ ಕಥೆಯನ್ನು ಇವತ್ತು ಹೇಳುತ್ತೇನೆ. ಅದರ ಹಿಂದೆಯೇ ಅದರಂಥದ್ದೇ ಇನ್ನೊಂದರ ಕಥೆ. ಮೊದಲನೆಯದು ಆಸ್ಟ್ರೇಲಿಯದ್ದು, ಎರಡನೆಯದು ಸ್ವಿಟ್ಜರ್ಲೆಂಡಿನದು. ಎರಡೂ ಮೈಕೋಬ್ಯಾಕ್ಟೀರಿಯಂ ಎಂಬ ಒಂದೇ ಕುಲಕ್ಕೆ ಸೇರಿದವು. ಈ ಕುಲದ ಇಬ್ಬರು ನಮಗೆ ಹಳೆಯ ಪರಿಚಯಸ್ಥರು: ಕ್ಷಯದ ರೋಗಾಣು ಮತ್ತು ಕುಷ್ಠದ ರೋಗಾಣು.

ಈ ಕುಲದ ಮುಖ್ಯ ಲಕ್ಷಣವೇ ನಿಧಾನ. ಎಷ್ಟು ನಿಧಾನ? ರಾತ್ರಿ ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು. ಅಷ್ಟು ಹೊತ್ತಿನಲ್ಲಿ ಕ್ಷಯದ ರೋಗಾಣು ಒಂದು ಸಲವೂ ಇಬ್ಭಾಗವಾಗಿರುವುದಿಲ್ಲ. ನಮ್ಮ ಕರುಳಿನ ಇ. ಕೋಲೈ ಅನುಕೂಲವಿದ್ದರೆ ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಹೋಗಿ ಎರಡಾಗುತ್ತದೆ. ಕ್ಷಯದ ರೋಗಾಣುವಿಗೆ ಅದೇ ಕೆಲಸಕ್ಕೆ ಸುಮಾರು ಇಪ್ಪತ್ತು ಗಂಟೆ ಬೇಕು. ಕುಷ್ಠದ ರೋಗಾಣುವಿಗಂತೂ ಹನ್ನೆರಡು ಹದಿನಾಲ್ಕು ದಿನ. ಈಗ ಒಂದು ಲೆಕ್ಕ ಹಾಕೋಣ. ಒಂದು ಬ್ಯಾಕ್ಟೀರಿಯಾ ಬರಿಗಣ್ಣಿಗೆ ಕಾಣುವ ಚುಕ್ಕೆಯಾಗಬೇಕಾದರೆ ಹತ್ತಿರಹತ್ತಿರ ಹತ್ತು ಲಕ್ಷವೋ ಅದಕ್ಕಿಂತ ಹೆಚ್ಚೋ ಆಗಬೇಕು, ಅಂದರೆ ಇಪ್ಪತ್ತಕ್ಕೂ ಹೆಚ್ಚು ಸಲ ಇಮ್ಮಡಿಯಾಗಬೇಕು. ಇ. ಕೋಲೈ ಅದನ್ನು ಒಂದು ಹಗಲಿನಲ್ಲಿ ಮುಗಿಸುತ್ತದೆ. ಕ್ಷಯದ್ದು ಮೂರು ವಾರ ತೆಗೆದುಕೊಳ್ಳುತ್ತದೆ. ಅದಕ್ಕೇ ನಮ್ಮ ಕ್ಷಯ ಪ್ರಯೋಗಾಲಯಗಳಲ್ಲಿ, ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿಯೂ ಸಹ, ಗಟ್ಟಿ ಮಾಧ್ಯಮದ ಸೀಸೆಯನ್ನು ಎಂಟು ವಾರ ನೋಡದೆ ‘ಇಲ್ಲ’ ಎಂದು ಬರೆಯುವಂತಿಲ್ಲ.

ನಿಧಾನಕ್ಕೆ ಕಾರಣಗಳು ಹಲವು. ಇವುಗಳ ಮೈಮೇಲೆ ಮೇಣದಂಥ ದಪ್ಪ ಹೊದಿಕೆ ಇದೆ. ಅದನ್ನು ಕಟ್ಟುವುದೇ ದೊಡ್ಡ ಖರ್ಚಿನ ಬಾಬ್ತು; ಆಹಾರ ಒಳಗೆ ಇಳಿಯುವುದಕ್ಕೂ ಅದೇ ಅಡ್ಡಿ. ಇನ್ನೊಂದು, ಪ್ರೋಟೀನು ತಯಾರಿಸುವ ರೈಬೋಸೋಮುಗಳ ವಿಚಾರ. ಅವುಗಳ ನಕ್ಷೆ ಇರುವ ಜೀನುಗಳ ಗುಂಪು ಇ. ಕೋಲೈಯಲ್ಲಿ ಏಳು ಇವೆ. ನಿಧಾನಗತಿಯ ಮೈಕೋಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು. ತಜ್ಞರು ಹಾಕಿಕೊಂಡಿರುವ ಗಡಿ ಏಳು ದಿನ. ತೆಳುವಾಗಿ ಬಿತ್ತಿದಾಗ ಏಳು ದಿನದೊಳಗೆ ಚುಕ್ಕೆಗಳು ಕಂಡರೆ ಅದು ವೇಗದ್ದು, ಅದಕ್ಕೂ ಮೀರಿದರೆ ನಿಧಾನದ್ದು.

ಇನ್ನು ಆಸ್ಟ್ರೇಲಿಯಕ್ಕೆ ಹೋಗೋಣ. ವಿಕ್ಟೋರಿಯ ರಾಜ್ಯದ ಪೂರ್ವ ಭಾಗದಲ್ಲಿ, ಮೆಲ್ಬರ್ನಿನಿಂದ ಇನ್ನೂರೆಂಬತ್ತು ಕಿಲೋಮೀಟರು ದೂರದಲ್ಲಿ, ಬೇರ್ನ್ಸ್‌ಡೇಲ್ ಎಂಬ ಊರಿದೆ. ಮಿಚೆಲ್ ನದಿಯ ದಂಡೆ, ಹೊಲ, ಹುಲ್ಲುಗಾವಲು, ಸ್ವಲ್ಪ ದೂರದಲ್ಲಿ ಹಿನ್ನೀರಿನ ಕೆರೆಗಳು. 1930ರ ದಶಕದ ಕೊನೆಯಲ್ಲಿ ಅಲ್ಲಿನ ವೈದ್ಯರಾದ ಆಲ್ಸಪ್, ಸೀರಲ್ಸ್ ಮುಂತಾದವರ ಬಳಿಗೆ ವಿಚಿತ್ರವಾದ ಹುಣ್ಣಿನ ರೋಗಿಗಳು ಬರತೊಡಗಿದರು. ಕಾಲಿನ ಮೇಲೋ ತೋಳಿನ ಮೇಲೋ ಸೊಳ್ಳೆ ಕಚ್ಚಿದಂಥ ಒಂದು ಗಂಟು. ಕೆಲವು ವಾರಗಳಲ್ಲಿ ಅದು ಒಡೆದು ಹುಣ್ಣಾಗುತ್ತಿತ್ತು. ಹುಣ್ಣು ಹಬ್ಬುತ್ತಲೇ ಹೋಗುತ್ತಿತ್ತು. ಅಂಚಿನಲ್ಲಿ ಸಲಾಕೆ ಇಟ್ಟರೆ ಚರ್ಮದ ಅಡಿಗೆ ಸಲೀಸಾಗಿ ಜಾರಿಹೋಗುತ್ತಿತ್ತು. ಮೇಲೆ ಕಾಣುವ ಹುಣ್ಣಿಗಿಂತ ಅಡಿಯಲ್ಲಿ ಕೊಳೆತ ಜಾಗವೇ ದೊಡ್ಡದು. ಇಷ್ಟಾದರೂ ಜ್ವರವಿಲ್ಲ, ನೋವಂತೂ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಂಗೈಯಗಲ ಹುಣ್ಣು ಇಟ್ಟುಕೊಂಡು ರೋಗಿ ನೋವಿಲ್ಲ ಎಂದರೆ ಹಳ್ಳಿಯ ಅನುಭವಿ ವೈದ್ಯನಿಗೆ ಅದೇ ಮೊದಲ ಸುಳಿವು. ಮಾಮೂಲು ಹುಣ್ಣು ಹಾಗಿರುವುದಿಲ್ಲ.

ಊರಿನ ವೈದ್ಯರು ಇದನ್ನು ಗುರುತಿಸಿ, ಹುಣ್ಣಿನ ಅಂಚಿನ ತುಣುಕನ್ನು ಮೆಲ್ಬರ್ನಿಗೆ ಕಳಿಸಿದರು. ನನ್ನ ಮಟ್ಟಿಗೆ ಈ ಶೋಧದ ಅರ್ಧ ಪಾಲು ಇವರದೇ. ಬೇರೆ ಬೇರೆ ದಿನ ಬಂದ ಬೇರೆ ಬೇರೆ ರೋಗಿಗಳ ಹುಣ್ಣು ಒಂದೇ ಜಾತಿಯದು ಎಂದು ಕಂಡುಕೊಳ್ಳುವುದು ಯಂತ್ರ ಮಾಡಿಕೊಡುವ ಕೆಲಸವಲ್ಲ. ಇವತ್ತಿಗೂ ಆಸ್ಟ್ರೇಲಿಯದವರು ಇದನ್ನು ಬೇರ್ನ್ಸ್‌ಡೇಲ್ ಹುಣ್ಣು ಎನ್ನುತ್ತಾರೆ. ಸೀರಲ್ಸ್ ಹುಣ್ಣು ಎಂಬ ಹೆಸರೂ ಉಂಟು.

ಮೆಲ್ಬರ್ನಿನಲ್ಲಿ ಆ ತುಣುಕುಗಳನ್ನು ನೋಡಿದವರು ವಿಶ್ವವಿದ್ಯಾಲಯದ ರೋಗಶಾಸ್ತ್ರದ ಪ್ರೊಫೆಸರ್ ಪೀಟರ್ ಮೆಕ್ಯಾಲಮ್. ಆ ನಗರದ ಹೆಸರಾಂತ ಕ್ಯಾನ್ಸರ್ ಆಸ್ಪತ್ರೆಗೆ ಇಟ್ಟಿರುವುದು ಇವರ ಹೆಸರನ್ನೇ. ಇಂಥ ತುಣುಕಿಗೆ ಬಣ್ಣ ಹಾಕುವ ಒಂದು ವಿಧಾನವಿದೆ, ಜೀಲ್-ನೀಲ್ಸನ್ ವಿಧಾನ. ಇಂದಿಗೂ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಗೆ ಬಳಸುವುದುಂಟು. ಗಾಜಿನ ಪಟ್ಟಿಯ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕಡುಗೆಂಪು ದ್ರವ ಸುರಿದು, ಅಡಿಯಿಂದ ಜ್ವಾಲೆ ತೋರಿಸುತ್ತಾರೆ. ಆವಿ ಏಳಬೇಕು, ಕುದಿಯಬಾರದು, ಒಣಗಲೂಬಾರದು. ಐದು ನಿಮಿಷ ಬಿಟ್ಟು ತೊಳೆದು, ಮೇಲಿಂದ ಆಮ್ಲ ಸುರಿಯುತ್ತಾರೆ. ಮಿಕ್ಕ ಎಲ್ಲ ಜೀವಕೋಶಗಳೂ ಬ್ಯಾಕ್ಟೀರಿಯಾಗಳೂ ಆಮ್ಲಕ್ಕೆ ಬಣ್ಣ ಬಿಟ್ಟುಕೊಡುತ್ತವೆ. ಮೈಮೇಲೆ ಮೇಣದ ಹೊದಿಕೆ ಇರುವ ನಮ್ಮ ನಿಧಾನಸ್ಥರು ಮಾತ್ರ ಬಿಡುವುದಿಲ್ಲ. ಕೊನೆಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳು.

ಮೆಕ್ಯಾಲಮ್ ನೋಡಿದ ತುಣುಕುಗಳಲ್ಲಿ ಕೆಂಪು ಕಡ್ಡಿಗಳು ರಾಶಿರಾಶಿಯಾಗಿ ಗುಂಪುಗುಂಪಾಗಿ ಬಿದ್ದಿದ್ದವು. ಚರ್ಮದ ಕ್ಷಯ ಇರಬಹುದೇ? ಹಾಗೆನ್ನಲು ಅಡ್ಡಿಗಳಿದ್ದವು. ಕ್ಷಯದಲ್ಲಿ ದೇಹದ ರಕ್ಷಕ ಕೋಶಗಳು ರೋಗಾಣುವನ್ನು ಸುತ್ತುಗಟ್ಟಿ ಗಂಟು ಕಟ್ಟುತ್ತವೆ. ಇಲ್ಲಿ ಚರ್ಮದಡಿಯ ಕೊಬ್ಬು ಸತ್ತು ಬಿದ್ದಿದೆ, ಅದರ ನಡುವೆ ರೋಗಾಣುಗಳ ಹಿಂಡು, ಸುತ್ತ ರಕ್ಷಕ ಕೋಶಗಳ ಸುಳಿವೇ ಅಷ್ಟಕ್ಕಷ್ಟೆ. ಕುಷ್ಠವೂ ಅಲ್ಲ, ನರಗಳಿಗೆ ಅದರ ಗೊಡವೆಯೇ ಇರಲಿಲ್ಲ.

ಹೊಸದು ಎನ್ನಬೇಕಾದರೆ ಬೆಳೆಸಿ ತೋರಿಸಬೇಕು. ರಾಬರ್ಟ್ ಕಾಖ್ ಕಾಲದಿಂದ ಇದು ಸೂಕ್ಷ್ಮಾಣು ಶಾಸ್ತ್ರದ ಕಟ್ಟಳೆ. 1882ರಲ್ಲಿ ಕ್ಷಯದ ರೋಗಾಣುವನ್ನು ಕಾಖ್ ಬೆಳೆಸಿದ್ದು ಗಡ್ಡೆಕಟ್ಟಿಸಿದ ರಕ್ತದ ಸೀರಮ್ಮಿನ ಮೇಲೆ. ಚುಕ್ಕೆಗಳು ಕಂಡಿದ್ದು ಎರಡನೆಯ ವಾರದಲ್ಲಿ. ಮೊದಲ ವಾರಕ್ಕೇ ನಳಿಗೆಗಳನ್ನು ಎಸೆದಿದ್ದರೆ ಆ ಹೆಸರು ಬೇರೊಬ್ಬರದಾಗುತ್ತಿತ್ತು. ಮೆಲ್ಬರ್ನಿನ ಆಲ್ಫ್ರೆಡ್ ಆಸ್ಪತ್ರೆಯ ಬ್ಯಾಕ್ಟೀರಿಯಾ ತಜ್ಞೆ ಜೀನ್ ಟೋಲ್‌ಹರ್ಸ್ಟ್, ಅವರ ಜತೆ ಗ್ಲೆನ್ ಬಕಲ್, ಈ ಕೆಲಸಕ್ಕೆ ಕೈ ಹಾಕಿದರು.

ಆ ಸೀಸೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕ್ಷಯದ ಜಾತಿಯ ರೋಗಾಣುಗಳಿಗೆ ಹಾಕುವ ಊಟ ಹೆಚ್ಚಾಗಿ ಮೊಟ್ಟೆಯದು. ಇವತ್ತು ಎಲ್ಲೆಡೆ ಬಳಕೆಯಲ್ಲಿರುವ ಲೊವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದಲ್ಲಿ ಕೋಳಿಮೊಟ್ಟೆ, ಗ್ಲಿಸರಿನ್, ಕೆಲವು ಲವಣ, ಜತೆಗೆ ಮ್ಯಾಲಕೈಟ್ ಹಸಿರು ಎಂಬ ಬಣ್ಣ ಇರುತ್ತವೆ. ಎಲ್ಲವನ್ನೂ ಕದಡಿ, ಸೀಸೆಯನ್ನು ಓರೆಯಾಗಿ ಮಲಗಿಸಿ ಬಿಸಿಯಲ್ಲಿ ಹೆಪ್ಪುಗಟ್ಟಿಸಿದರೆ ತಿಳಿಹಸಿರು ಇಳಿಜಾರು ಸಿದ್ಧ. ಹಸಿರು ಬಣ್ಣ ಚಂದಕ್ಕಲ್ಲ, ಬೇಡದ ಬ್ಯಾಕ್ಟೀರಿಯಾಗಳನ್ನು ತಡೆಯುವುದಕ್ಕೆ. ಇಷ್ಟು ನಿಧಾನದವನು ಉಣ್ಣಲು ಕೂತಾಗ ವೇಗದವರು ನುಗ್ಗಿ ಎಲೆಯನ್ನೇ ಖಾಲಿ ಮಾಡಿಬಿಡುತ್ತಾರೆ. ಅದಕ್ಕಾಗಿ ಬಿತ್ತುವ ಮೊದಲು ಮಾದರಿಯನ್ನು ಕಾಸ್ಟಿಕ್ ಸೋಡದಂಥ ಕ್ಷಾರದಲ್ಲಿ ನೆನೆಸುವ ರೂಢಿಯೂ ಇದೆ. ತೊಂದರೆ ಏನೆಂದರೆ, ಆ ಕ್ಷಾರದಲ್ಲಿ ನಾಜೂಕಿನ ನಿಧಾನಸ್ಥರೂ ಸಾಯುತ್ತಾರೆ. ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತರೆ ಆಮೇಲೆ ಬರಿ ಸೀಸೆಯನ್ನೇ ನೋಡುತ್ತ ಕೂಡಬೇಕು.

ಬೇರ್ನ್ಸ್‌ಡೇಲ್ ಮಾದರಿಗಳನ್ನು ಬಿತ್ತಿ, ಮುಚ್ಚಳ ಬಿಗಿದು, 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿಟ್ಟರು. 37 ಯಾಕೆ? ಮನುಷ್ಯನ ದೇಹದ ಶಾಖ ಅದು. ಮನುಷ್ಯನಿಂದ ಬಂದ ರೋಗಾಣು ಅದೇ ಶಾಖದಲ್ಲಿ ಬೆಳೆಯಬೇಕು. ಇದಕ್ಕಿಂತ ಸರಳವಾದ ತರ್ಕ ಬೇರೆ ಇಲ್ಲ. ವಾರಗಳು ಹೋದವು, ಏನೂ ಬೆಳೆಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಲಕ್ಷಗಟ್ಟಲೆ ಕಾಣುವ ಜೀವಿ, ಸೀಸೆಯಲ್ಲಿ ಒಂದು ಚುಕ್ಕೆಯಾಗಿಯೂ ಮೂಡಲಿಲ್ಲ.

ಗೆಲುವು ಬಂದದ್ದು ಒಂದು ಇನ್‌ಕ್ಯುಬೇಟರ್ ಕೈಕೊಟ್ಟಾಗ ಎಂದು ಈ ಕ್ಷೇತ್ರದವರು ಹೇಳಿಕೊಂಡು ಬಂದಿದ್ದಾರೆ. ಶಾಖ ಸರಿಯಾಗಿ ಏರದೆ 37ಕ್ಕಿಂತ ಕೆಳಗೇ ನಿಂತಿತ್ತು. ಅದರೊಳಗಿದ್ದ ಸೀಸೆಗಳಲ್ಲಿ ಚುಕ್ಕೆಗಳು ಎದ್ದವು. ಕೆಟ್ಟ ಉಪಕರಣ ವಿಜ್ಞಾನಕ್ಕೆ ಉಪಕಾರ ಮಾಡಿತೆನ್ನುವ ಇಂಥ ಕಥೆಗಳನ್ನು ಕೇಳಲು ಎಲ್ಲರಿಗೂ ಇಷ್ಟ. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಅದರ ಮುಂದಿನ ಹೆಜ್ಜೆ. ಇನ್‌ಕ್ಯುಬೇಟರ್ ರಿಪೇರಿ ಮಾಡಿಸಿ ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ, ಯಾವ ಶಾಖಕ್ಕೆ ಇದು ಒಲಿಯುತ್ತದೆ ಎಂದು ಡಿಗ್ರಿ ಡಿಗ್ರಿಯಾಗಿ ಹುಡುಕಿದರು. 30ರಿಂದ 33 ಡಿಗ್ರಿಯ ಕಿರಿದಾದ ಪಟ್ಟಿಯಲ್ಲಿ ಬೆಳೆಯುತ್ತದೆ, 37ರಲ್ಲಿ ಇಲ್ಲ. ಅಷ್ಟಾದರೂ ಚುಕ್ಕೆ ಕಾಣಲು ಆರು ವಾರ, ಎಂಟು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಒಂದು ಎರಡಾಗಲು ಇದಕ್ಕೆ ಎರಡು ದಿನದ ಮೇಲೆಯೇ ಬೇಕು ಎಂಬುದು ಈಗ ಗೊತ್ತಿದೆ.

ಹಾಗೆ ಗೊತ್ತಾದ ಕೂಡಲೇ ಹುಣ್ಣಿನ ಲಕ್ಷಣಗಳೂ ಅರ್ಥವಾಗತೊಡಗಿದವು. ಮನುಷ್ಯನ ಮೈಯೆಲ್ಲ 37 ಡಿಗ್ರಿ ಇರುವುದಿಲ್ಲ. ಯಕೃತ್ತು, ಹೃದಯ ಅಷ್ಟಿರಬಹುದು. ಮೊಣಕಾಲ ಕೆಳಗಿನ ಚರ್ಮ, ಮೊಣಕೈ, ಕಿವಿಯ ತುದಿ ಅದಕ್ಕಿಂತ ತಂಪು. ಹುಣ್ಣು ಕೈಕಾಲುಗಳಲ್ಲಿ, ಚರ್ಮದಲ್ಲಿ ನಿಂತಿತ್ತು. ಒಳಾಂಗಗಳಿಗೆ ಇಳಿಯುತ್ತಿರಲಿಲ್ಲ. ಬೆಳೆಸಿದ ರೋಗಾಣುವನ್ನು ಇಲಿಗಳಿಗೆ ಚುಚ್ಚಿದಾಗಲೂ ಗಾಯಗಳು ಮೂಡಿದ್ದು ಕಾಲು, ಬಾಲ, ವೃಷಣಚೀಲಗಳಂಥ ತಂಪು ಜಾಗಗಳಲ್ಲೇ. ನಮಗೆ ಹತ್ತಿರದ ಕುಷ್ಠವೂ ಹೀಗೆಯೇ: ಮೂಗು, ಕಿವಿಯ ಹಾಲೆ, ಬೆರಳು, ಪಾದಗಳನ್ನು ಅದು ಆರಿಸಿಕೊಳ್ಳುವುದರ ಹಿಂದೆ ಇದೇ ತಂಪಿನ ಆಸೆ ಇದೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡ ಕುಷ್ಠದ ರೋಗಾಣುವನ್ನು ಈವರೆಗೂ ಯಾರೂ ಸೀಸೆಯಲ್ಲಿ ಬೆಳೆಸಿಲ್ಲ. 1960ರಲ್ಲಿ ಚಾರ್ಲ್ಸ್ ಶೆಪರ್ಡ್ ಅದನ್ನು ಕೊನೆಗೂ ಬೆಳೆಸಿದ್ದು ಸುಂಡಿಲಿಯ ತಣ್ಣನೆಯ ಅಂಗಾಲಿನಲ್ಲಿ.

1948ರಲ್ಲಿ ಮೆಕ್ಯಾಲಮ್, ಟೋಲ್‌ಹರ್ಸ್ಟ್, ಬಕಲ್ ಮತ್ತು ಸಿಸನ್ಸ್ ನಾಲ್ವರೂ ಸೇರಿ ತಮ್ಮ ಕೆಲಸವನ್ನು ಪ್ರಕಟಿಸಿದರು. ಒಟ್ಟು ಆರು ಜನ ರೋಗಿಗಳು. ಊರಿನ ವೈದ್ಯರ ಕಣ್ಣಿಗೆ ಬಿದ್ದಾಗಿನಿಂದ ಲೆಕ್ಕ ಹಾಕಿದರೆ ಹತ್ತು ವರ್ಷ, ನಡುವೆ ಒಂದು ಮಹಾಯುದ್ಧ. ಹುಣ್ಣು ಮಾಡುವ ಈ ಜೀವಿ ಮೈಕೋಬ್ಯಾಕ್ಟೀರಿಯಂ ಅಲ್ಸರನ್ಸ್ ಎಂಬ ಹೆಸರು ಪಡೆಯಿತು.

ಆಸ್ಟ್ರೇಲಿಯದ ಒಂದು ಮೂಲೆಯ ಕಾಯಿಲೆ ಎಂದು ಅದು ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಆಫ್ರಿಕದಲ್ಲಿ ಇಂಥ ಹುಣ್ಣುಗಳು ಮೊದಲೇ ಇದ್ದವು. ಉಗಾಂಡದ ಮೆಂಗೊ ಆಸ್ಪತ್ರೆಯ ಆಲ್ಬರ್ಟ್ ಕುಕ್ 1897ರಲ್ಲೇ ಇವನ್ನು ಬರೆದಿಟ್ಟಿದ್ದ. ಅದೇ ದೇಶದ ಕ್ಯೋಗ ಸರೋವರದ ಬಳಿಯ ಬುರುಲಿ ಎಂಬ ಪ್ರಾಂತದಲ್ಲಿ 1960ರ ದಶಕದಲ್ಲಿ ರೋಗಿಗಳು ಬಹಳವಾಗಿ ಕಂಡದ್ದರಿಂದ ಜಗತ್ತು ಈಗ ಅದನ್ನು ಬುರುಲಿ ಹುಣ್ಣು ಎಂದೇ ಕರೆಯುತ್ತದೆ. ಘಾನಾ, ಬೆನಿನ್, ಐವರಿ ಕೋಸ್ಟ್‌ಗಳಲ್ಲಿ ಇದು ಹೆಚ್ಚಾಗಿ ಹಿಡಿಯುವುದು ನದೀತೀರದ ಹಳ್ಳಿಗಳ ಮಕ್ಕಳನ್ನು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಇದಕ್ಕೆಂದೇ ಒಂದು ಕಾರ್ಯಕ್ರಮ ಹಾಕಿಕೊಂಡಿತು. ಹಿಂದೆ ಅಗಲವಾಗಿ ಕೊಯ್ದು ಚರ್ಮ ಕಸಿ ಮಾಡುವುದೊಂದೇ ದಾರಿಯಾಗಿತ್ತು. ಈಗ ಎಂಟು ವಾರ ರಿಫಾಂಪಿಸಿನ್ ಮತ್ತು ಕ್ಲಾರಿತ್ರೊಮೈಸಿನ್ ನುಂಗಿದರೆ ಬಹುತೇಕ ಗುಣವಾಗುತ್ತದೆ. ನೋವೇಕಿಲ್ಲ ಎಂಬ ಒಗಟು ಬಿಡಿಸಿಕೊಳ್ಳತೊಡಗಿದ್ದು 1999ರಲ್ಲಿ. ಮೈಕೊಲ್ಯಾಕ್ಟೋನ್ ಎಂಬ ಒಂದು ವಿಷವನ್ನು ಈ ರೋಗಾಣು ಸ್ರವಿಸುತ್ತದೆ. ಅಂಗಾಂಶವನ್ನು ಕೊಲ್ಲುವುದೂ ಅದೇ, ರಕ್ಷಕ ಕೋಶಗಳ ಬಾಯಿ ಕಟ್ಟುವುದೂ ಅದೇ, ನೋವು ಗೊತ್ತಾಗದಂತೆ ಮಾಡುವುದೂ ಅದೇ.

ಇನ್ನು ಎರಡನೆಯ ಕಥೆ. ನಡುವೆ ನಲವತ್ತು ವರ್ಷ ಹಾರಿ ಬರಬೇಕು. ಅಷ್ಟರಲ್ಲಿ ಮೈಕೋಬ್ಯಾಕ್ಟೀರಿಯಾಗಳನ್ನು ಬೇರೆಬೇರೆ ಗುರುತಿಸಲು ಒಂದು ಸಂಪ್ರದಾಯ ಬೆಳೆದಿತ್ತು. 1959ರಲ್ಲಿ ಅಮೆರಿಕದ ಅರ್ನೆಸ್ಟ್ ರನ್ಯನ್ ಇವನ್ನು ಬಣ್ಣ ಮತ್ತು ವೇಗದ ಮೇಲೆ ನಾಲ್ಕು ಗುಂಪು ಮಾಡಿದ್ದ. ಕ್ಯಾನ್ಸಸ್ ಹೆಸರಿನ ಮೈಕೋಬ್ಯಾಕ್ಟೀರಿಯಂ ಕ್ಯಾನ್ಸಸೈಯನ್ನು ಕತ್ತಲಲ್ಲಿ ಬೆಳೆಸಿದರೆ ಬಿಳಿಚಿಕೊಂಡಿರುತ್ತದೆ. ಸೀಸೆಯನ್ನು ಹೊರತೆಗೆದು ಒಂದು ಗಂಟೆ ಬೆಳಕಿಗೆ ಹಿಡಿದು ಮತ್ತೆ ಒಳಗಿಟ್ಟರೆ ಮರುದಿನಕ್ಕೆ ನಿಂಬೆಹಣ್ಣಿನ ಹಳದಿ. ಇದನ್ನು ಮೊದಲ ಸಲ ನೋಡಿದ ವಿದ್ಯಾರ್ಥಿ ಸೀಸೆ ಅದಲುಬದಲಾಯಿತೋ ಎಂದು ಹಣೆಪಟ್ಟಿ ಓದುತ್ತಾನೆ. ಬಣ್ಣದ ಜತೆ ನೈಟ್ರೇಟು, ನಿಯಾಸಿನ್, ಕೆಟಲೇಸ್ ಎಂದು ಹತ್ತಾರು ರಸಾಯನ ಪರೀಕ್ಷೆಗಳು. ಇವೆಲ್ಲಕ್ಕೂ ಒಂದೇ ಒಂದು ಷರತ್ತು: ಮೊದಲು ಸೀಸೆ ತುಂಬ ಬೆಳೆ ಬರಬೇಕು.

ಜಿನೀವಾದ ವೈದ್ಯರ ಬಳಿ ಆ ಬೆಳೆಯೇ ಇರಲಿಲ್ಲ. 1980ರ ದಶಕದ ಕೊನೆ, ಏಡ್ಸ್‌ಗೆ ಇನ್ನೂ ಸರಿಯಾದ ಔಷಧ ಇಲ್ಲದ ಕಾಲ. ರೋಗನಿರೋಧ ಶಕ್ತಿ ತಳ ಸೇರಿದ ರೋಗಿಗಳು. ತಿಂಗಳುಗಟ್ಟಲೆ ಜ್ವರ, ಭೇದಿ, ಮೈ ಕರಗಿ ಮೂಳೆಯ ಹಂದರ. ಪರೀಕ್ಷೆಗೆ ತೆಗೆದ ಅಂಗಾಂಶದಲ್ಲೆಲ್ಲ ಕೆಂಪು ಕಡ್ಡಿಗಳು. ಅಂಥ ರೋಗಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದುದು ಏವಿಯಂ ಎಂಬ ಇನ್ನೊಂದು ಮೈಕೋಬ್ಯಾಕ್ಟೀರಿಯಂ. ಅದು ಗಟ್ಟಿ ಮಾಧ್ಯಮದಲ್ಲಿ ಸಲೀಸಾಗಿ ಬೆಳೆಯುತ್ತದೆ. ಇದು ಬೆಳೆಯಲಿಲ್ಲ. ಬೆಳೆದದ್ದು ಒಂದು ಬಗೆಯ ದ್ರವದ ಬಾಟಲಿಯಲ್ಲಿ ಮಾತ್ರ. ಆ ಬಾಟಲಿಯ ಆಹಾರದಲ್ಲಿ ವಿಕಿರಣಶೀಲ ಇಂಗಾಲ ಇರುತ್ತದೆ. ಬ್ಯಾಕ್ಟೀರಿಯಾ ಉಂಡು ಉಸಿರು ಬಿಟ್ಟರೆ ಯಂತ್ರ ಅದನ್ನು ಎಣಿಸುತ್ತದೆ. ವಾರಗಳಾದ ಮೇಲೆ ಅಂಕಿ ತುಸು ಏರುತ್ತಿತ್ತು. ಆ ದ್ರವವನ್ನು ತೆಗೆದು ಮೊಟ್ಟೆಯ ಇಳಿಜಾರಿಗೆ ಹಾಕಿದರೆ ಮತ್ತೆ ಶೂನ್ಯ. ಬದುಕಿದೆ ಎಂದು ಗೊತ್ತು, ಯಾರೆಂದು ಗೊತ್ತಿಲ್ಲ.

ಅಂಥ ಒಬ್ಬ ರೋಗಿಯ ವಿವರವನ್ನು ಬರ್ನಾರ್ಡ್ ಹಿರ್ಶೆಲ್ ಮತ್ತು ಸಂಗಡಿಗರು 1990ರಲ್ಲಿ, ಗುರುತಿಸಲಾಗದ ಹೊಸ ಮೈಕೋಬ್ಯಾಕ್ಟೀರಿಯಂ ಎಂದೇ ಪ್ರಕಟಿಸಿದರು. ಗುರುತಿಸಲಾಗಲಿಲ್ಲ ಎಂದು ದೊಡ್ಡ ಪತ್ರಿಕೆಯಲ್ಲಿ ಒಪ್ಪಿಕೊಳ್ಳುವುದಕ್ಕೂ ಧೈರ್ಯ ಬೇಕು. ಮುಂದಿನ ಕೆಲಸ ನಡೆದದ್ದು ಜರ್ಮನಿಯ ಹ್ಯಾನೋವರಿನಲ್ಲಿ, ಎರಿಕ್ ಬೊಟ್‌ಗರ್ ಅವರ ಪ್ರಯೋಗಾಲಯದಲ್ಲಿ. ಅಲ್ಲಿ ಬಳಸಿದ ದಾರಿ ಆಗಿನ್ನೂ ಹೊಸದು. ರೈಬೋಸೋಮಿನ ಒಂದು ಆರ್‌ಎನ್‌ಎ ತುಣುಕು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಅದರಲ್ಲಿ ಕೆಲವು ಭಾಗ ಎಲ್ಲರಿಗೂ ಒಂದೇ, ಕೆಲವು ಭಾಗ ಪ್ರಭೇದಕ್ಕೊಂದು ತರ. 16ಎಸ್ ಎಂದು ಅದರ ಹೆಸರು. ಬ್ಯಾಕ್ಟೀರಿಯಾಗಳ ನೆಂಟಸ್ತಿಕೆಯನ್ನು ಇದರ ಮೇಲೆ ಹೇಳಬಹುದು ಎಂದು ಅಮೆರಿಕದ ಕಾರ್ಲ್ ವೋಸ್ 1970ರ ದಶಕದಲ್ಲೇ ತೋರಿಸಿದ್ದರು. ಪಿಸಿಆರ್ ಬಂದ ಮೇಲೆ ಆ ಜೀನಿನ ನಕಲುಗಳನ್ನು ಕೋಟಿಗಟ್ಟಲೆ ತೆಗೆಯುವುದು ಸಾಧ್ಯವಾಯಿತು. ಕೋವಿಡ್ ಕಾಲದಲ್ಲಿ ನಮಗೆಲ್ಲ ಮೂಗಿನ ಮೂಲಕ ಪರಿಚಯವಾದ ಅದೇ ಪಿಸಿಆರ್. ಇದಕ್ಕೆ ಸೀಸೆ ತುಂಬ ಬೆಳೆ ಬೇಡ, ಅಂಗಾಂಶದ ಚೂರು ಸಾಕು.

ಅಕ್ಷರಗಳನ್ನು ಓದಿ ನೋಡಿದರೆ, ಗೊತ್ತಿದ್ದ ಯಾವ ಮೈಕೋಬ್ಯಾಕ್ಟೀರಿಯಂನದಕ್ಕೂ ಹೊಂದಲಿಲ್ಲ. ಹೆಚ್ಚು ಮುಖ್ಯವಾದದ್ದು, ಬೇರೆಬೇರೆ ರೋಗಿಗಳಿಂದ ಬಂದ ಮಾದರಿಗಳಲ್ಲಿ ಅದೇ ಅಕ್ಷರಗಳು ಮತ್ತೆಮತ್ತೆ ಬಂದವು. 1992ರಲ್ಲಿ 18 ರೋಗಿಗಳ ವಿವರ ಪ್ರಕಟವಾಯಿತು. ಜಿನೀವಾದ ಲ್ಯಾಟಿನ್ ಹೆಸರಿನಿಂದ ಮೈಕೋಬ್ಯಾಕ್ಟೀರಿಯಂ ಜೆನವೆನ್ಸ್ ಎಂದು ಕರೆದರು; ಮರುವರ್ಷ ನಿಯಮದ ಪ್ರಕಾರ ನಾಮಕರಣವೂ ಆಯಿತು. ಅಮೆರಿಕದ ಸಿಯಾಟಲ್‌ನವರು ಕಬ್ಬಿಣವನ್ನು ಹೀರಿಕೊಡುವ ಮೈಕೊಬ್ಯಾಕ್ಟಿನ್ ಎಂಬ ವಸ್ತುವನ್ನು ಬೆರೆಸಿ ಗಟ್ಟಿ ಮಾಧ್ಯಮದ ಮೇಲೂ ಅದನ್ನು ಬೆಳೆಸಿದರು. ಅಷ್ಟು ಹೊತ್ತಿಗೆ ಅದಕ್ಕೆ ಹೆಸರಿಟ್ಟು ಆಗಿತ್ತು. ಮುಂದೆ ನೋಡಿದರೆ ಪಂಜರದಲ್ಲಿ ಸಾಕುವ ಹಕ್ಕಿಗಳಿಗೂ ಇದೇ ರೋಗಾಣು ಕಾಯಿಲೆ ತರುತ್ತಿತ್ತು.

ಒಬ್ಬ ರೋಗಿಯಲ್ಲಿ ಸಿಕ್ಕಿತೆಂದು ಹೊಸ ರೋಗಾಣು ಎನ್ನುವುದರಲ್ಲಿ ಒಂದು ಅಪಾಯವಿದೆ. ಅದನ್ನು ಹೇಳದಿದ್ದರೆ ಕಥೆ ಪೂರ್ತಿಯಾಗುವುದಿಲ್ಲ. ಈ ಕುಲದ ಹೆಚ್ಚಿನವು ಮಣ್ಣಿನಲ್ಲಿ, ನಲ್ಲಿನೀರಿನಲ್ಲಿ, ಧೂಳಿನಲ್ಲಿ ತಮ್ಮ ಪಾಡಿಗೆ ಬದುಕುವಂಥವು. ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಕ್ಷಯದ ಬಿಸಿಜಿ ಲಸಿಕೆಯ ದೊಡ್ಡ ಪ್ರಯೋಗ ನಡೆದ ಪ್ರದೇಶದಲ್ಲಿ ಜನರ ಕಫದಿಂದಲೂ ಮಣ್ಣು, ನೀರು, ಧೂಳುಗಳಿಂದಲೂ ಇಂಥವನ್ನು ರಾಶಿಯಾಗಿ ಬೆಳೆಸಿದ್ದಾರೆ. ಸೀಸೆ ತೊಳೆದ ನೀರಿನಿಂದ ಬಂದದ್ದೋ, ರೋಗಿಯ ಬಾಯಿ ಮುಕ್ಕಳಿಸಿದ ನೀರಿನಿಂದ ಬಂದದ್ದೋ, ರೋಗ ತಂದದ್ದೋ? ಒಂದೇ ರೋಗಿಯಿಂದ ಎರಡು ಸಲ ಸಿಗಬೇಕು, ಇಲ್ಲವೇ ಹೊರಗಾಳಿ ಸೋಕದ ಒಳಭಾಗದಿಂದ ಸಿಗಬೇಕು, ಅಂಗಾಂಶದಲ್ಲಿ ಅದರ ಹಾವಳಿ ಕಾಣಬೇಕು, ಬೇರೆ ರೋಗಿಗಳಲ್ಲೂ ಮರಳಿ ಸಿಗಬೇಕು. ಬೇರ್ನ್ಸ್‌ಡೇಲಿನ ಆರು ಜನ, ಜಿನೀವಾದ ಪಟ್ಟಿಯ ಹದಿನೆಂಟು ಜನ ಮುಖ್ಯರಾಗುವುದು ಇಲ್ಲಿ. ಹೆಸರಿಟ್ಟ ಮೇಲೂ ಆ ಜೀವಿಯ ಮಾದರಿ ತಳಿಯನ್ನು ಎರಡು ದೇಶಗಳ ಸಂಗ್ರಹಾಲಯಗಳಲ್ಲಿ ಇಟ್ಟಿರಬೇಕು, ಯಾರು ಬೇಕಾದರೂ ತರಿಸಿ ನೋಡುವಂತಿರಬೇಕು ಎಂಬುದು ಈಗಿನ ಅಂತರರಾಷ್ಟ್ರೀಯ ನಿಯಮ.

ಜೀನು ಓದಿದರೆ ಎಲ್ಲ ಇತ್ಯರ್ಥವಾಯಿತು ಎಂದುಕೊಳ್ಳಬೇಡಿ. ಕ್ಯಾನ್ಸಸೈ ಮನುಷ್ಯನ ಶ್ವಾಸಕೋಶವನ್ನು ಹಾಳು ಮಾಡುತ್ತದೆ, ಅದರ ನೆಂಟ ಗ್ಯಾಸ್ಟ್ರೈ ಸಾಮಾನ್ಯವಾಗಿ ಯಾರ ತಂಟೆಗೂ ಹೋಗುವುದಿಲ್ಲ. 16ಎಸ್ ಅಕ್ಷರಗಳು ಇಬ್ಬರವೂ ಒಂದೇ. ಅದಕ್ಕಿಂತ ತಮಾಷೆ ನಮ್ಮ ಅಲ್ಸರನ್ಸ್‌ನದು. ಮೀನಿನ ತೊಟ್ಟಿಗಳಲ್ಲಿರುವ ಮರೈನಂ ಎಂಬ ಮೈಕೋಬ್ಯಾಕ್ಟೀರಿಯಂ 1926ರಿಂದಲೇ ಗೊತ್ತಿತ್ತು. ಫಿಲಡೆಲ್ಫಿಯದ ಮತ್ಸ್ಯಾಗಾರದ ಮೀನುಗಳಲ್ಲಿ ಸಿಕ್ಕಿದ್ದು. ಅದೂ ತಂಪು ಬಯಸುವಂಥದ್ದೇ, ಆದರೆ ವಾರ ಎರಡು ವಾರಕ್ಕೆ ಬೆಳೆಯುತ್ತದೆ, ಮನುಷ್ಯನಿಗೆ ತಗುಲಿದರೆ ಸಣ್ಣ ಗಂಟು ತರುತ್ತದೆ. 2007ರಲ್ಲಿ ಟಿಮ್ ಸ್ಟಿನಿಯರ್ ಮತ್ತು ಸಂಗಡಿಗರು ಅಲ್ಸರನ್ಸ್‌ನ ಪೂರ್ತಿ ಜೀನೋಮ್ ಓದಿದರು. ಎರಡರ ಅಕ್ಷರಗಳೂ ಶೇಕಡ 98ರ ಮೇಲೆ ಒಂದೇ! ಶೇಕಡ 95-96 ದಾಟಿದರೆ ಒಂದೇ ಪ್ರಭೇದ ಎನ್ನುವ ಈಗಿನ ಅಳತೆಗೋಲು ಹಿಡಿದರೆ, ಮೆಕ್ಯಾಲಮ್ ಅವರ ಹೊಸ ಪ್ರಭೇದ ಪ್ರಭೇದವೇ ಅಲ್ಲ. ಮರೈನಂನ ಒಂದು ಕವಲು ಎಲ್ಲಿಂದಲೋ ಒಂದು ಪ್ಲಾಸ್ಮಿಡ್, ಅಂದರೆ ಜೀನುಗಳ ಬಿಡಿ ಉಂಗುರ, ಗಿಟ್ಟಿಸಿಕೊಂಡು ಅದರಿಂದ ಮೈಕೊಲ್ಯಾಕ್ಟೋನ್ ವಿಷ ಮಾಡಲು ಕಲಿಯಿತು. ಆಮೇಲೆ ತನ್ನ ಜೀನುಗಳಲ್ಲಿ ಏಳುನೂರಕ್ಕೂ ಹೆಚ್ಚನ್ನು ಕೆಡಿಸಿಕೊಂಡು ನಿಧಾನವಾಯಿತು. ವಂಶಾವಳಿಯ ಲೆಕ್ಕದಲ್ಲಿ ಅದು ಮರೈನಂ. ಹುಣ್ಣು ಹೊತ್ತು ಬಂದವನ ಲೆಕ್ಕದಲ್ಲಿ ಅದು ಬೇರೆಯೇ. ಹೆಸರನ್ನು ಯಾರೂ ಬದಲಿಸಿಲ್ಲ. ಬದಲಿಸಬಾರದು ಎಂದೇ ನನ್ನ ಅಭಿಪ್ರಾಯ. ಚಿಕಿತ್ಸೆ ಬೇರೆ, ರೋಗ ಬೇರೆ, ಹೆಸರು ಒಂದಾದರೆ ವೈದ್ಯನಿಗೆ ಗೊಂದಲ.

ಮನುಷ್ಯನಿಂದ ಬೆಳೆಸಿದ ಆ ಜೀವಿಯನ್ನು ಅದರ ನೆಲೆಯಿಂದ, ಅಂದರೆ ಹೊರಗಿನ ಪ್ರಕೃತಿಯಿಂದ ಶುದ್ಧವಾಗಿ ಬೆಳೆಸಲು ಇನ್ನೂ ಅರವತ್ತು ವರ್ಷ ಹಿಡಿಯಿತು. ಆಂಟ್ವರ್ಪಿನ ಫ್ರಾಂಸ್ವಾಸ್ ಪೋರ್ಟಲ್ಸ್ ಮತ್ತು ಸಂಗಡಿಗರು ಅದನ್ನು 2008ರಲ್ಲಿ ಪ್ರಕಟಿಸಿದರು. ಬೆನಿನ್ ದೇಶದಲ್ಲಿ ನೀರಿನ ಮೇಲೆ ಓಡಾಡುವ ಒಂದು ಹುಳುವಿನಿಂದ ಅದು ಸಿಕ್ಕಿತ್ತು. ವಿಕ್ಟೋರಿಯದಲ್ಲಿ ಅದೇ ರೋಗಾಣು ಪಾಸಮ್ ಎಂಬ ಪ್ರಾಣಿಯ ಹಿಕ್ಕೆಯಲ್ಲಿ ಕಂಡಿದೆ. ಅಲ್ಲಿ ಅದನ್ನು ಮನುಷ್ಯರಿಗೆ ಮುಟ್ಟಿಸುವುದು ಸೊಳ್ಳೆ ಎಂಬುದಕ್ಕೆ 2024ರಲ್ಲಿ ಬಲವಾದ ಪುರಾವೆ ಸಿಕ್ಕಿತು.

ಇದೆಲ್ಲದರಿಂದ ಪ್ರಯೋಗಾಲಯದ ದಿನಚರಿಯಲ್ಲಿ ಒಂದು ಬದಲಾವಣೆ ಆಗಿದೆ. ಚರ್ಮ, ಕೀಲು, ಮೂಳೆಯ ಮಾದರಿ ಬಂದರೆ ಒಂದು ಸೀಸೆ 37ಕ್ಕೆ, ಇನ್ನೊಂದು 30ರ ಆಸುಪಾಸಿಗೆ ಇಡಬೇಕು ಎಂಬುದು ಈಗಿನ ಶಿಫಾರಸು. ಮೂರನೆಯದರಲ್ಲಿ ರಕ್ತದಿಂದ ಬಂದ ಹೆಮಿನ್ ಬೆರೆಸಿದರೆ ಇನ್ನೂ ಒಳ್ಳೆಯದು. 1978ರಲ್ಲಿ ಇಸ್ರೇಲಿನಲ್ಲಿ ಗುರುತಾದ ಹೀಮೋಫಿಲಂ ಎಂಬ ಇನ್ನೊಬ್ಬ ನಿಧಾನಸ್ಥ ಅದಿಲ್ಲದೆ ಏಳುವುದಿಲ್ಲ. ಆದರೆ ಮಾದರಿಯ ಡಬ್ಬಿಯ ಜತೆ ಬರುವ ಚೀಟಿಯಲ್ಲಿ ‘ಕೀವು’ ಎಂದಷ್ಟೇ ಬರೆದಿದ್ದರೆ ಒಳಗೆ ಕೂತವರು ಎರಡನೆಯ ಸೀಸೆ ತೆಗೆಯುವುದಿಲ್ಲ. ಯಾವ ಜಾಗದ ಹುಣ್ಣು, ಎಷ್ಟು ತಿಂಗಳಿಂದ, ನೋವಿದೆಯೇ ಇಲ್ಲವೇ, ರೋಗಿಯ ಮನೆ ಕೆರೆಯ ದಂಡೆಯಲ್ಲಿದೆಯೇ, ಮೀನು ಸಾಕಿದ್ದಾರೆಯೇ. ಇಷ್ಟನ್ನು ಬರೆದು ಕಳಿಸುವ ವೈದ್ಯರ ಮಾದರಿಗೆ ಇನ್‌ಕ್ಯುಬೇಟರಿನ ಎರಡು ಕಪಾಟುಗಳಲ್ಲಿ ಜಾಗ ಸಿಗುತ್ತದೆ.